ಕ್ಯಾನ್ಸಲ್ ಮಾಡುವ ಮೊದಲು ಫೈಲ್‌ಗಳನ್ನು ಬಿಡಿಸಿಕೊಳ್ಳಿ

ಪ್ರಶ್ನೆ: ಶಿರಸಿ ಕಡೆ ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ, ಜೊತೆಗೆ ಡಿಟಿಪಿ ಕೆಲಸವೂ ಇದೆ. ಮದುವೆ ಆಲ್ಬಂ, ಲಗ್ನಪತ್ರಿಕೆ, ದೇವಸ್ಥಾನಗಳ ಸ್ಮರಣ ಸಂಚಿಕೆ ಮಾಡುತ್ತೇವೆ. 2012ರಲ್ಲಿ ಸಾಲ ಮಾಡಿ, ಫೋಟೋಶಾಪ್, ಇನ್‌ಡಿಸೈನ್ ಎಲ್ಲ ಸೇರಿದ ಅಡೋಬಿ ಕಂಪನಿಯ ಸಿಎಸ್6 ಡಿಸೈನ್ ಸ್ಟ್ಯಾಂಡರ್ಡ್ ಕೊಂಡಿದ್ದೆ. ಅದು ಹಳೆ ಕಂಪ್ಯೂಟರ್‌ನಲ್ಲಿ ಇನ್ನೂ ಇದೆ. ಹೊಸ ಕಂಪ್ಯೂಟರ್ ತಗೊಂಡ ಮೇಲೆ ಅದೇ ಕಂಪನಿಯ ಚಂದಾ ಯೋಜನೆ ಕ್ರಿಯೇಟಿವ್ ಕ್ಲೌಡ್‌ಗೆ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಮಳೆಗಾಲದಲ್ಲಿ ಕೆಲಸವೇ ಇರೋದಿಲ್ಲ, ಆದರೂ ಕಟ್ಟಲೇಬೇಕು. ಒಂದು ಸಲ ದುಡ್ಡು ಕೊಟ್ಟು ಕೊಳ್ಳುವ ದಾರಿಯನ್ನು ಯಾಕೆ ಮುಚ್ಚಿದರು? ಮಧ್ಯದಲ್ಲಿ ನಿಲ್ಲಿಸಿದರೆ ದಂಡ ಬೀಳುತ್ತೆ ಅಂತಾರೆ, ಹೌದಾ? ನಿಲ್ಲಿಸಿದರೆ ನನ್ನ ಹಳೆ ಫೈಲ್‌ಗಳ ಗತಿ ಏನು? ಬೇರೆ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತಾ?

ಉತ್ತರ: ದಯವಿಟ್ಟು ಸಿಟ್ಟಿನಲ್ಲಿ ಈಗಲೇ ಕ್ಯಾನ್ಸಲ್ ಒತ್ತಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ತಿಂಗಳ ದುಡ್ಡಿಗಿಂತ ದೊಡ್ಡ ವಿಷಯ ನಿಮ್ಮ ಮೂರನೇ ಪ್ರಶ್ನೆಯಲ್ಲಿದೆ. ಇಷ್ಟು ವರ್ಷ ನೀವು ಮಾಡಿದ ಕೆಲಸವೆಲ್ಲ ಒಂದೇ ಕಂಪನಿಯ ಫೈಲ್ ರೂಪದಲ್ಲಿ ಕೂತಿದೆ. ದುಡ್ಡು ನಿಂತ ದಿನ ಅದನ್ನು ತೆರೆಯುವ ದಾರಿಯೂ ನಿಲ್ಲುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ. ಸಾಫ್ಟ್‌ವೇರ್ ಇಟ್ಟುಕೊಳ್ಳಬೇಕೋ ಬಿಡಬೇಕೋ ಅನ್ನುವುದನ್ನು ಆಮೇಲೆ ನಿಧಾನವಾಗಿ ಯೋಚಿಸಬಹುದು.

ಯಾಕೆ ಮುಚ್ಚಿದರು ಅಂತ ಕೇಳಿದ್ದೀರಿ. 2013ರ ಮೇ 6ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ತನ್ನ ಮ್ಯಾಕ್ಸ್ ಸಮಾವೇಶದಲ್ಲಿ ಅಡೋಬಿ ಇದನ್ನು ಘೋಷಿಸಿತು. ಇನ್ನು ಸಿಎಸ್7 ಬರುವುದಿಲ್ಲ, ಹೊಸದೇನಿದ್ದರೂ ಕ್ರಿಯೇಟಿವ್ ಕ್ಲೌಡ್ ಚಂದಾದಾರರಿಗೆ ಮಾತ್ರ ಅಂತ. ಅದರ ಹಿಂದಿನ ವರ್ಷ ಬಂದ ಸಿಎಸ್6, ಅಂದರೆ ನೀವು ಕೊಂಡದ್ದೇ, ಮಾರಾಟಕ್ಕಿದ್ದ ಕೊನೆಯ ಆವೃತ್ತಿ. ಆಗ ಅಮೆರಿಕದಲ್ಲಿ ಬರೀ ಫೋಟೋಶಾಪ್ ಬೆಲೆ 699 ಡಾಲರ್. ಹಿಂದಿನ ಆವೃತ್ತಿ ಇದ್ದವರಿಗೆ ಅಪ್‌ಗ್ರೇಡ್ 199 ಡಾಲರ್. ಚಂದಾ ಆದ ಮೇಲೆ ಒಂದು ಸಾಫ್ಟ್‌ವೇರ್‌ಗೆ ತಿಂಗಳಿಗೆ 19.99, ಎಲ್ಲವೂ ಬೇಕಿದ್ದರೆ 49.99.

ಈ ಲೆಕ್ಕ ಯಾರಿಗೆ ಹೊಡೆತ ಕೊಟ್ಟಿತು ಅನ್ನುವುದನ್ನು ನೋಡಿ. ದೊಡ್ಡ ಜಾಹೀರಾತು ಏಜೆನ್ಸಿಗಳು ಪ್ರತಿ ಆವೃತ್ತಿಗೂ ಅಪ್‌ಗ್ರೇಡ್ ಮಾಡುತ್ತಿದ್ದವು. ಅವರಿಗೆ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಸಣ್ಣ ಸ್ಟುಡಿಯೋದವರ ಪದ್ಧತಿ ಬೇರೆ ಇತ್ತು. 2007ರ ಸಿಎಸ್3 ಕೊಂಡವರು 2008ರ ಸಿಎಸ್4 ಬಿಟ್ಟು, 2010ರ ಸಿಎಸ್5 ತಗೊಳ್ಳುತ್ತಿದ್ದರು. ಕೈಯಲ್ಲಿ ದುಡ್ಡಿದ್ದಾಗ ಕೊಳ್ಳುವುದು, ಇಲ್ಲದಿದ್ದರೆ ಇದ್ದದ್ದರಲ್ಲೇ ಸುಧಾರಿಸುವುದು. ಒಂದು ಅಪ್‌ಗ್ರೇಡನ್ನು ಎರಡು ವರ್ಷ ಓಡಿಸಿದವರಿಗೆ ಆಗುತ್ತಿದ್ದ ಖರ್ಚು 199 ಡಾಲರ್. ಅದೇ ಎರಡು ವರ್ಷಕ್ಕೆ ಚಂದಾ ಸುಮಾರು 480. ಜೊತೆಗೆ, ಸುಮ್ನೆ ಇರುವ ಸ್ವಾತಂತ್ರ್ಯವೂ ಹೋಯಿತು. ನಿಮ್ಮ ಮಳೆಗಾಲದ ಮಾತು ಇದೇ ಅಲ್ವಾ?

ಮಧ್ಯೆ ಒಂದು ಆವೃತ್ತಿ ಕೊಳ್ಳದೇ ಇರುವ ಈ ಅಭ್ಯಾಸವೇ ಕಂಪನಿಗೆ ತಲೆನೋವಾಗಿತ್ತು. ಸಿಎಸ್6ಗೆ ಮೊದಲು, ಮೂರು ಆವೃತ್ತಿ ಹಿಂದಿದ್ದವರಿಗೂ ಅಪ್‌ಗ್ರೇಡ್ ರಿಯಾಯಿತಿ ಸಿಗುತ್ತಿತ್ತು. 2011ರ ನವೆಂಬರ್‌ನಲ್ಲಿ ಅದನ್ನು ಒಂದೇ ಆವೃತ್ತಿಗೆ ಇಳಿಸುತ್ತೇವೆ ಅಂದರು. ಬಳಕೆದಾರರು ಗಲಾಟೆ ಮಾಡಿದ ಮೇಲೆ 2012ರ ಕೊನೆವರೆಗೆ ಸಿಎಸ್3, ಸಿಎಸ್4 ಇದ್ದವರಿಗೂ ಅವಕಾಶ ಕೊಟ್ಟರು. 2013ರ ಘೋಷಣೆ ಬಂದಾಗ ಆನ್‌ಲೈನ್ ಮನವಿಗೆ ಹತ್ತಾರು ಸಾವಿರ ಜನ ಸಹಿ ಹಾಕಿದರು. ಆ ಸೆಪ್ಟೆಂಬರ್‌ನಲ್ಲಿ ಫೋಟೋಶಾಪ್ ಮತ್ತು ಫೋಟೋ ಜೋಡಿಸಿ ತಿದ್ದುವ ಲೈಟ್‌ರೂಮ್ ಎರಡೂ ಸೇರಿ ತಿಂಗಳಿಗೆ 9.99 ಡಾಲರ್‌ನ ಫೋಟೋಗ್ರಫಿ ಪ್ಲಾನ್ ಬಂತು. ಬಳಕೆದಾರರು ದನಿ ಎತ್ತಿದ್ದಕ್ಕೆ ಸಿಕ್ಕ ದೊಡ್ಡ ಫಲ ಅದೊಂದೇ ಅಂತ ನನ್ನ ಅಭಿಪ್ರಾಯ. ಅದು ಸಿಕ್ಕಿದ್ದು ಫೋಟೋಗ್ರಾಫರ್‌ಗಳಿಗೆ. ಪುಟ ಕಟ್ಟುವ ಡಿಟಿಪಿಯವರಿಗೆ ಅಂಥದ್ದೇನೂ ಬರಲಿಲ್ಲ.

ಕಂಪನಿಯ ಕಡೆಯಿಂದ ನೋಡಿದರೆ ಲೆಕ್ಕ ಸರಿಯಾಗೇ ಬಂತು. 2012ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ವಾರ್ಷಿಕ ವರಮಾನ ಬದಲಾವಣೆಯ ವರ್ಷದಲ್ಲಿ 405 ಕೋಟಿಗೆ ಇಳಿದಿತ್ತು. 2024ರಲ್ಲಿ ಅದು 2,150 ಕೋಟಿ ಡಾಲರ್. ಮತ್ತೆ ಒಂದೇ ಸಲದ ಮಾರಾಟಕ್ಕೆ ಮರಳುತ್ತಾರೆ ಅಂತ ಕಾಯುತ್ತಾ ಕೂತವರು ಇನ್ನು ಕಾಯುವುದು ಬೇಡ. ಎಲ್ಲ ಸಾಫ್ಟ್‌ವೇರ್‌ಗಳ ಪ್ಲಾನ್ ಉತ್ತರ ಅಮೆರಿಕದಲ್ಲಿ 49.99ರಿಂದ ಏರುತ್ತಾ ಬಂದು, 2025ರಲ್ಲಿ ಕ್ರಿಯೇಟಿವ್ ಕ್ಲೌಡ್ ಪ್ರೋ ಅನ್ನುವ ಹೆಸರಿನಲ್ಲಿ 69.99 ಆಯಿತು. ಎಐ ಸೌಲಭ್ಯ ಸೇರಿಸಿದ್ದೇವೆ ಅನ್ನುವುದು ಅವರ ಕಾರಣ. ಲಗ್ನಪತ್ರಿಕೆ ಮಾಡುವವರು ಅದನ್ನು ಕೇಳಿರಲಿಲ್ಲ.

ಕಂಪನಿಯ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಹೊಸ ಕ್ಯಾಮೆರಾ, ಹೊಸ ವಿಂಡೋಸ್ ಬಂದಂತೆಲ್ಲ ಸಾಫ್ಟ್‌ವೇರ್ ತಿದ್ದುತ್ತಲೇ ಇರಬೇಕು, ಅದಕ್ಕೆ ದುಡ್ಡು ಬೇಕು. ಚಂದಾ ಒಂದು ಆಯ್ಕೆಯಾಗಿ ಇದ್ದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಇನ್ನೊಂದು ಬಾಗಿಲು ಹಾಕಿದ್ದು ತಪ್ಪು. ಆ ಬಾಗಿಲು ತೆರೆದಿಟ್ಟೂ ವ್ಯಾಪಾರ ಮಾಡಬಹುದು. ವಿಡಿಯೋ ಎಡಿಟಿಂಗ್‌ನ ಡಾವಿಂಚಿ ರಿಸಾಲ್ವ್ ನೋಡಿ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯದು. ಸಾಮಾನ್ಯ ಆವೃತ್ತಿ ಉಚಿತ, ಸ್ಟುಡಿಯೋ ಆವೃತ್ತಿಗೆ ಒಂದೇ ಸಲ 295 ಡಾಲರ್ ಅಂತ ಎಷ್ಟೋ ವರ್ಷ ಮಾರಿದೆ. ಮದುವೆ ವಿಡಿಯೋ ಕೆಲಸವೂ ಮಾಡುತ್ತಿದ್ದರೆ ಅದನ್ನು ಕಲಿಯಿರಿ.

ಈಗ ದಂಡದ ವಿಷಯ. ಹೌದು, ಇದೆ, ಆದರೆ ಎಲ್ಲ ಪ್ಲಾನ್‌ಗೂ ಒಂದೇ ಥರ ಇಲ್ಲ. ಅಡೋಬಿ ಖಾತೆಗೆ ಲಾಗಿನ್ ಆಗಿ ನಿಮ್ಮದು ಯಾವ ಪ್ಲಾನ್ ಅಂತ ಮೊದಲು ನೋಡಿ. ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ. ನಿಜವಾದ ತಿಂಗಳ ಪ್ಲಾನ್‌ಗೆ ಬೆಲೆ ಜಾಸ್ತಿ, ಆದರೆ ಯಾವ ತಿಂಗಳು ಬೇಕಾದರೂ ದಂಡವಿಲ್ಲದೆ ನಿಲ್ಲಿಸಬಹುದು. ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟುವ ಪ್ಲಾನ್‌ನಲ್ಲಿ ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಇಲ್ಲ, ವರ್ಷ ಮುಗಿಯುವವರೆಗೆ ಬಳಸಬಹುದು. ಮೂರನೆಯದು ವರ್ಷದ ಒಪ್ಪಂದ, ಕಂತು ಮಾತ್ರ ತಿಂಗಳಿಗೊಮ್ಮೆ. ಬಹಳ ಜನ ಇದನ್ನು ತಿಂಗಳ ಪ್ಲಾನ್ ಅಂದುಕೊಂಡಿರುತ್ತಾರೆ. ಇದನ್ನು ಮೊದಲ 14 ದಿನ ಕಳೆದ ಮೇಲೆ ಮಧ್ಯದಲ್ಲಿ ನಿಲ್ಲಿಸಿದರೆ, ಉಳಿದ ತಿಂಗಳುಗಳ ಮೊತ್ತದ ಅರ್ಧ ಕೇಳುತ್ತಾರೆ. ತಿಂಗಳಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ, ಇನ್ನು ಏಳು ತಿಂಗಳು ಬಾಕಿ ಇದೆ. ಒಟ್ಟು 14,000, ಅದರ ಅರ್ಧ 7,000.

ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿದ್ದು ಇದೇ ವಿಷಯಕ್ಕೆ. ಈ ಶುಲ್ಕವನ್ನು ಸಣ್ಣ ಅಕ್ಷರದಲ್ಲಿ, ಲಿಂಕ್‌ಗಳ ಹಿಂದೆ ಮುಚ್ಚಿಟ್ಟಿದ್ದಾರೆ, ಕ್ಯಾನ್ಸಲ್ ಮಾಡುವುದನ್ನೂ ಬೇಕೆಂತಲೇ ಕಷ್ಟ ಮಾಡಿದ್ದಾರೆ ಅನ್ನುವುದು ಆರೋಪ. ಕಂಪನಿ ಅದನ್ನು ಒಪ್ಪಲಿಲ್ಲ.

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಾರ್ಡ್‌ನಿಂದ ತಾನಾಗಿ ದುಡ್ಡು ಕಡಿತವಾಗುವ ಮೊದಲು 24 ಗಂಟೆ ಮುಂಚೆ ಬ್ಯಾಂಕ್ ನಿಮಗೆ ತಿಳಿಸಬೇಕು. ಆ ಮ್ಯಾಂಡೇಟನ್ನು, ಅಂದರೆ ತಾನಾಗಿ ಕಡಿತ ಮಾಡಲು ನೀವು ಕೊಟ್ಟ ಒಪ್ಪಿಗೆಯನ್ನು, ನೀವೇ ನಿಲ್ಲಿಸಲೂಬಹುದು. ಅದಕ್ಕೇ ಕೆಲವರು ಮ್ಯಾಂಡೇಟ್ ತೆಗೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕಡಿತ ನಿಂತರೆ ಒಪ್ಪಂದ ಮುಗಿದ ಹಾಗಲ್ಲ. ಮೊದಲು ಖಾತೆಯಲ್ಲಿ ಪ್ಲಾನ್ ಕ್ಯಾನ್ಸಲ್ ಮಾಡಿ, ದೃಢೀಕರಣದ ಇಮೇಲ್ ಬಂದ ಮೇಲೆ ಮ್ಯಾಂಡೇಟ್ ತೆಗೆಯಿರಿ.

ಇನ್ನು ಫೈಲ್‌ಗಳು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ.

ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಿಂದ ಶುರು ಮಾಡಿ. ಹೊಸ ಇನ್‌ಡಿಸೈನ್‌ನಲ್ಲಿ ಉಳಿಸಿದ ಐಎನ್‌ಡಿಡಿ ಫೈಲನ್ನು ನಿಮ್ಮ ಹಳೆ ಸಿಎಸ್6 ತೆರೆಯುವುದಿಲ್ಲ. ಅದನ್ನೇ ಐಡಿಎಂಎಲ್ ರೂಪದಲ್ಲಿ ಉಳಿಸಿದರೆ ಸಿಎಸ್4ರಿಂದ ಈಚೆಯ ಎಲ್ಲ ಆವೃತ್ತಿಯಲ್ಲೂ ತೆರೆಯಬಹುದು. ಪುಟ ಕಟ್ಟಲು ಉಚಿತವಾಗಿ ಸಿಗುವ ಸ್ಕ್ರೈಬಸ್ ಕೂಡ ಅದನ್ನು ಒಳಗೆ ತಗೊಳ್ಳುತ್ತದೆ. ಸ್ಮರಣ ಸಂಚಿಕೆಯ ಫೈಲ್ ತೆರೆಯಿರಿ. ಫೈಲ್ ಮೆನುವಿನಲ್ಲಿ ಪ್ಯಾಕೇಜ್ ಅಂತ ಇದೆ. ಒತ್ತಿದರೆ ಒಂದು ಕಿಟಕಿ ಬರುತ್ತದೆ. ಅದರಲ್ಲಿ ಫಾಂಟ್ ಮತ್ತು ಚಿತ್ರಗಳನ್ನು ನಕಲು ಮಾಡುವ ಗುರುತಿನ ಜೊತೆಗೆ, ಐಡಿಎಂಎಲ್ ಸೇರಿಸು, ಪಿಡಿಎಫ್ ಸೇರಿಸು ಅನ್ನುವ ಎರಡು ಚೌಕಗಳಿವೆ. ಎರಡಕ್ಕೂ ಟಿಕ್ ಹಾಕಿ. ಒಂದೇ ಫೋಲ್ಡರ್‌ನಲ್ಲಿ ಎಲ್ಲವೂ ಬಂದು ಕೂರುತ್ತದೆ. ಪಿಡಿಎಫ್ ಇದ್ದರೆ ಮುಂದೆ ಐಡಿಎಂಎಲ್‌ನಲ್ಲಿ ಸಾಲು ಆಚೀಚೆ ಆದರೂ ಮೂಲ ಹೇಗಿತ್ತು ಅಂತ ಗೊತ್ತಾಗುತ್ತದೆ.

ಇನ್‌ಡಿಸೈನ್‌ಗಿಂತ ಮೊದಲಿನ ಪೇಜ್‌ಮೇಕರ್ ಕಾಲದ ಫೈಲ್‌ಗಳೂ ಇವೆಯಾ? ಇದ್ದರೆ ನಿಮ್ಮ ಹಳೆ ಕಂಪ್ಯೂಟರ್ ಬಂಗಾರ. ಪೇಜ್‌ಮೇಕರ್ 6 ಮತ್ತು 7ರ ಫೈಲ್‌ಗಳನ್ನು ನೇರವಾಗಿ ತೆರೆಯುವ ಕೊನೆಯ ಇನ್‌ಡಿಸೈನ್ ಅಂದರೆ ಸಿಎಸ್6. ನೀವು ದುಡ್ಡು ಕಟ್ಟುತ್ತಿರುವ ಹೊಸ ಆವೃತ್ತಿಗೆ ಅದು ಬರುವುದಿಲ್ಲ. ಆ ಯಂತ್ರ ಕೈಕೊಡುವ ಮೊದಲು ಒಂದೊಂದೇ ಫೈಲ್ ತೆರೆದು ಐಡಿಎಂಎಲ್ ಮತ್ತು ಪಿಡಿಎಫ್ ಮಾಡಿಡಿ. ಅದನ್ನು ಫಾರ್ಮ್ಯಾಟ್ ಮಾಡಬೇಡಿ. ಒಮ್ಮೆ ಅಳಿಸಿದರೆ ಮತ್ತೆ ಇನ್‌ಸ್ಟಾಲ್ ಮಾಡಲು ಆಕ್ಟಿವೇಶನ್ ಬೇಕು, ಅದು ಕಂಪನಿಯ ಸರ್ವರ್ ಕೈಯಲ್ಲಿದೆ. ಸಿಎಸ್2ರ ಆಕ್ಟಿವೇಶನ್ ಸರ್ವರ್ ಮುಚ್ಚಿ, 2013ರ ಜನವರಿ ಹೊತ್ತಿಗೆ ಹಳೆ ಗ್ರಾಹಕರಿಗೆ ಸರ್ವರ್ ಬೇಡದ ಆವೃತ್ತಿ ಮತ್ತು ಸೀರಿಯಲ್ ನಂಬರ್ ಕೊಡಬೇಕಾಗಿ ಬಂದಿತ್ತು. ನಾವು ಕೊಂಡೆವು ಅಂದುಕೊಂಡದ್ದೂ ಪೂರ್ತಿ ನಮ್ಮದಾಗಿರಲಿಲ್ಲ.

ಫೋಟೋಶಾಪ್ ವಿಷಯದಲ್ಲಿ ಭಯ ಕಡಿಮೆ. ಅದರ ಪಿಎಸ್‌ಡಿ ಫೈಲನ್ನು ಉಚಿತವಾಗಿ ಸಿಗುವ ಗಿಂಪ್, ಕ್ರಿಟಾ, ಬ್ರೌಸರ್‌ನಲ್ಲೇ ನಡೆಯುವ ಫೋಟೋಪೀ ಎಲ್ಲವೂ ತೆರೆಯುತ್ತವೆ. ಲೇಯರ್ ಎಫೆಕ್ಟ್, ಅಕ್ಷರಗಳು ಸ್ವಲ್ಪ ಬದಲಾಗಬಹುದು. ಮುಗಿದ ಆಲ್ಬಂ ಪುಟಗಳ ಟಿಫ್ ಅಥವಾ ಒಳ್ಳೆ ಗುಣಮಟ್ಟದ ಜೆಪೆಗ್ ಪ್ರತಿ ಇಟ್ಟುಬಿಡಿ. ಇಲಸ್ಟ್ರೇಟರ್ ಫೈಲಿಗೆ ಪಿಡಿಎಫ್ ಮತ್ತು ಎಸ್‌ವಿಜಿ ಪ್ರತಿ ಸಾಕು, ಅದರಲ್ಲೂ ಅಕ್ಷರಗಳನ್ನು ಔಟ್‌ಲೈನ್ ಮಾಡಿದ್ದೊಂದು, ಮಾಡದ್ದೊಂದು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಸಮಾಧಾನ ಇದೆ. ಚಂದಾ ಮುಗಿದರೂ ಕ್ಯಾಟಲಾಗ್ ತೆರೆದು ಫೋಟೋ ನೋಡಬಹುದು, ಹೊರಗೆ ತೆಗೆಯಬಹುದು. ಡೆವಲಪ್ ಮತ್ತು ಮ್ಯಾಪ್ ಭಾಗ ಮಾತ್ರ ಬೀಗ ಬೀಳುತ್ತದೆ. ಇನ್‌ಡಿಸೈನ್‌ಗೂ ಇಷ್ಟು ಕರುಣೆ ತೋರಿಸಿದ್ದರೆ ಇವತ್ತಿನ ಅರ್ಧ ಸಿಟ್ಟು ಇರುತ್ತಿರಲಿಲ್ಲ.

ಬಣ್ಣದ ಬಗ್ಗೆಯೂ ಒಂದು ಎಚ್ಚರಿಕೆ. 2022ರ ನವೆಂಬರ್ ಹೊತ್ತಿಗೆ, ಬಣ್ಣಗಳಿಗೆ ಗೊತ್ತಾದ ನಂಬರ್ ಕೊಡುವ ಪ್ಯಾಂಟೋನ್ ಕಂಪನಿ ಮತ್ತು ಅಡೋಬಿ ನಡುವಿನ ಲೈಸೆನ್ಸ್ ಬದಲಾಗಿ, ಹಳೆ ಫೋಟೋಶಾಪ್ ಫೈಲ್ ತೆರೆದವರಿಗೆ ಪ್ಯಾಂಟೋನ್ ಬಣ್ಣ ಇದ್ದ ಜಾಗದಲ್ಲಿ ಕಪ್ಪು ಕಂಡಿತು. ಬಣ್ಣ ವಾಪಸ್ ಬೇಕಿದ್ದರೆ ಪ್ಯಾಂಟೋನ್‌ಗೆ ಬೇರೆ ಚಂದಾ. ಅಂಗಡಿ, ಸಂಘ, ಸೊಸೈಟಿಗಳ ಲೋಗೋ ಮಾಡಿಕೊಟ್ಟಿದ್ದರೆ ಅವುಗಳ ಬಣ್ಣದ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ) ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಬೇರೆ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರುತ್ತಾ ಅಂದಿರಿ. ನಮಗೆ ಇರುವ ವಿಶೇಷ ಕಷ್ಟ ಇದು, ಇಂಗ್ಲಿಷಿನಲ್ಲಿ ಸಲಹೆ ಕೊಡುವವರಿಗೆ ಇದರ ಪರಿವೆಯೇ ಇರೋದಿಲ್ಲ. ಕರ್ನಾಟಕದ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಪೇಜ್‌ಮೇಕರ್, ಹಳೆ ಕೋರೆಲ್ ಡ್ರಾ, ಫೋಟೋಶಾಪ್ 7 ಓಡುತ್ತಿರುವುದಕ್ಕೆ ಬರೀ ದುಡ್ಡಿನ ಕಾರಣ ಇಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿವೆ. ಸಾಫ್ಟ್‌ವೇರ್‌ಗೆ ಕನ್ನಡ ಗೊತ್ತಿಲ್ಲದಿದ್ದರೂ ಪುಟದ ಮೇಲೆ ಕನ್ನಡ ಸರಿಯಾಗಿ ಬೀಳುತ್ತದೆ. ಆದರೆ ಆ ಪಠ್ಯವನ್ನು ವಾಟ್ಸಾಪ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಹುಡುಕಿದರೆ ಸಿಗೋದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯುನಿಕೋಡ್‌ನಲ್ಲಿ ಆ ತೊಂದರೆ ಇಲ್ಲ, ಆದರೆ ಒತ್ತಕ್ಷರ ಜೋಡಿಸುವ ಕೆಲಸವನ್ನು ಸಾಫ್ಟ್‌ವೇರೇ ಮಾಡಬೇಕು.

ಯಾವುದೇ ಹೊಸ ಸಾಫ್ಟ್‌ವೇರ್ ಬಂದರೂ ನಾನು ಮೊದಲು ಹೀಗೆ ಪರೀಕ್ಷೆ ಮಾಡುತ್ತೇನೆ. ಒಂದು ಖಾಲಿ ಪುಟ ತೆರೆದು, ನೋಟೋ ಸಾನ್ಸ್ ಕನ್ನಡ ಫಾಂಟ್ ಇಟ್ಟು, ಈ ಪದಗಳನ್ನು ಟೈಪ್ ಮಾಡುತ್ತೇನೆ: ಸ್ತ್ರೀ, ಲಕ್ಷ್ಮೀ, ರಾಷ್ಟ್ರ, ಸೂರ್ಯ, ಕೃಷ್ಣ. ಸ್ತ್ರೀಯಲ್ಲಿ ತವೊತ್ತು, ರವೊತ್ತು ಎರಡೂ ಸರಿಯಾದ ಜಾಗದಲ್ಲಿ ಕೂರಬೇಕು. ಸೂರ್ಯದಲ್ಲಿ ಅರ್ಕಾವೊತ್ತು ಯಕಾರದ ಬಲಕ್ಕೆ ಬರಬೇಕು. ಸ, ತ, ರ ಬಿಡಿಬಿಡಿಯಾಗಿ ನಿಂತು ಮಧ್ಯೆ ಅರ್ಧಾಕ್ಷರದ ಗುರುತು ಕಂಡರೆ ಆ ಸಾಫ್ಟ್‌ವೇರ್‌ಗೆ ಕನ್ನಡ ಬರುವುದಿಲ್ಲ. ಆಮೇಲೆ ಅದೇ ಪುಟವನ್ನು ಪಿಡಿಎಫ್ ಮಾಡಿ ಇನ್ನೊಮ್ಮೆ ನೋಡಿ. ಪರದೆ ಮೇಲೆ ಸರಿ ಇದ್ದು ಪಿಡಿಎಫ್‌ನಲ್ಲಿ ಕೆಡುವುದೂ ಉಂಟು.

ಈ ಪರೀಕ್ಷೆಯಲ್ಲಿ, ಇಲಸ್ಟ್ರೇಟರ್ ಥರದ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಚೆನ್ನಾಗಿ ಪಾಸಾಗುತ್ತದೆ. ಲಗ್ನಪತ್ರಿಕೆ, ಫ್ಲೆಕ್ಸ್, ಲೋಗೋಗೆ ಅದು ಸಾಕು. ಆದರೆ ಅದು ಆರ್‌ಜಿಬಿ, ಅಂದರೆ ಪರದೆಯ ಬಣ್ಣದಲ್ಲಿ ಕೆಲಸ ಮಾಡುತ್ತದೆ. ಆಫ್‌ಸೆಟ್‌ಗೆ ಹೋಗುವುದಿದ್ದರೆ ಸ್ಕ್ರೈಬಸ್‌ಗೆ ತಂದು ಸಿಎಂವೈಕೆ ಪಿಡಿಎಫ್ ತೆಗೆಯಿರಿ. ಸ್ಕ್ರೈಬಸ್ 2024ರ ಜನವರಿಯಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದೇ ಆಗಿರಲಿ, ಹಳೆಯ 1.4ರಲ್ಲಿ ಒತ್ತಕ್ಷರ ನಿಲ್ಲುವುದಿಲ್ಲ. ಸ್ಕ್ರೈಬಸ್‌ನಲ್ಲಿ ಕೆಲಸ ಇನ್‌ಡಿಸೈನ್‌ನಷ್ಟು ಸಲೀಸಲ್ಲ. ಎಂಟು ಪುಟದ ಕರಪತ್ರಕ್ಕೆ ಸಾಕು, ಇನ್ನೂರು ಪುಟದ ಸಂಚಿಕೆಯನ್ನು ಮೊದಲ ಸಲವೇ ಅದರಲ್ಲಿ ಹಿಡಿಯಬೇಡಿ.

ಫೋಟೋ, ಡಿಸೈನ್ ಕೆಲಸದ ಅಫಿನಿಟಿ ಸಾಫ್ಟ್‌ವೇರ್ ಬಗ್ಗೆ ನೀವು ಕೇಳಿರಬಹುದು. ಇಂಗ್ಲೆಂಡಿನ ಸೆರಿಫ್ ಕಂಪನಿ ಒಂದೇ ಸಲದ ಬೆಲೆಗೆ ಮಾರುತ್ತಿತ್ತು, ಅಡೋಬಿ ಬಿಟ್ಟವರು ಬಹಳ ಜನ ಅಲ್ಲಿಗೆ ಹೋದರು. 2024ರ ಮಾರ್ಚ್‌ನಲ್ಲಿ ಅದನ್ನು ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಕೊಂಡಿತು. 2025ರ ಅಕ್ಟೋಬರ್ ಕೊನೆಯಿಂದ ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತ. ಫೋಟೋ ಕೆಲಸಕ್ಕೆ ಒಳ್ಳೆಯದು. ಆದರೆ ಅದರ ಮೊದಲಿನ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡ, ಹಿಂದಿ ಎಲ್ಲ ಒಡೆದು ಬೀಳುತ್ತಿದ್ದವು. ಮೇಲಿನ ಐದು ಪದಗಳ ಪರೀಕ್ಷೆ ಆಗದೆ ಕನ್ನಡದ ಕೆಲಸ ಒಪ್ಪಿಕೊಳ್ಳಬೇಡಿ. ಉಚಿತ ಅನ್ನುವುದೂ ಒಬ್ಬ ಮಾಲೀಕರ ನಿರ್ಧಾರ, ನಾಳೆ ಬದಲಾಗಬಹುದು. ಅದರಲ್ಲಿ ಮಾಡಿದ ಕೆಲಸಕ್ಕೂ ಪಿಡಿಎಫ್ ಪ್ರತಿ ಇರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪೂರ್ತಿ ಬಿಡುತ್ತಿರಲಿಲ್ಲ. ಎಲ್ಲ ಸಾಫ್ಟ್‌ವೇರ್‌ಗಳ ದೊಡ್ಡ ಪ್ಲಾನ್ ಇದ್ದರೆ ಅದನ್ನು ಬಿಟ್ಟು ಫೋಟೋಗ್ರಫಿ ಪ್ಲಾನ್‌ಗೆ ಇಳಿಯುತ್ತಿದ್ದೆ. ಸ್ಮರಣ ಸಂಚಿಕೆಗಳು ವರ್ಷಕ್ಕೆ ಎರಡೋ ಮೂರೋ ಬರುವುದಾದರೆ, ಆ ತಿಂಗಳಿಗೆ ಮಾತ್ರ ಇನ್‌ಡಿಸೈನ್ ತಿಂಗಳ ಪ್ಲಾನ್ ತಗೊಳ್ಳಿ. ಬೆಲೆ ಜಾಸ್ತಿ ಅನ್ನಿಸಿದರೂ ಹನ್ನೆರಡು ತಿಂಗಳು ಕಟ್ಟುವುದಕ್ಕಿಂತ ಎಷ್ಟೋ ಕಡಿಮೆ. ಆಗ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲೂ ಒತ್ತಕ್ಷರ ಕೆಡುತ್ತದೆ.

ಹಳೆ ಸಿಎಸ್6 ಕೂಡ ಕೆಲಸಕ್ಕೆ ಬರುತ್ತದೆ. ಹೊಸ ಕ್ಯಾಮೆರಾದ ರಾ ಫೈಲ್ (ಕ್ಯಾಮೆರಾ ಕೊಡುವ, ತಿದ್ದದ ಮೂಲ ಫೈಲ್) ಅದರಲ್ಲಿ ತೆರೆಯದಿದ್ದರೆ, ಅಡೋಬಿಯೇ ಉಚಿತವಾಗಿ ಕೊಡುವ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಹಾಕಿ, ಹಳೆ ಕ್ಯಾಮೆರಾ ರಾ ಆವೃತ್ತಿಗೆ ಹೊಂದುವ ಹಾಗೆ ಬದಲಿಸಿಕೊಂಡು ತೆರೆಯಿರಿ. ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಕೊಡಬೇಡಿ, ಹಳೆ ವಿಂಡೋಸ್‌ಗೆ ಸುರಕ್ಷತೆಯ ತಿದ್ದುಪಡಿ ಬರುವುದಿಲ್ಲ. ಕ್ರ್ಯಾಕ್ ಮಾಡಿದ ಕಾಪಿಯನ್ನು ಅಗ್ಗಕ್ಕೆ ಹಾಕಿಕೊಡುತ್ತೇವೆ ಅನ್ನುವವರು ಸಿಕ್ಕೇ ಸಿಗುತ್ತಾರೆ. ಬೇಡ ಅನ್ನಿ. ಕಾನೂನಿನ ಮಾತು ಹಾಗಿರಲಿ, ಅದರ ಜೊತೆ ವೈರಸ್ ಬಂದು ಗ್ರಾಹಕರ ಮದುವೆ ಫೋಟೋಗಳೇ ಲಾಕ್ ಆದರೆ ಏನು ಉತ್ತರ ಕೊಡುತ್ತೀರಿ?

ಕ್ಯಾನ್ಸಲ್ ಮಾಡಲು ಬಿಡುತ್ತಿಲ್ಲ, ಹೇಳದೇ ಇದ್ದ ಶುಲ್ಕ ಕಡಿತವಾಯಿತು ಅನ್ನುವ ಪರಿಸ್ಥಿತಿ ಬಂದರೆ ದಾರಿ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರಗಳನ್ನು, ಪಟ್ಟಿ ಮಾಡಿ ನಿಷೇಧಿಸಿದೆ. ಚಂದಾ ಬಲೆ, ಅಂದರೆ ಸೇರುವುದು ಸುಲಭ, ಬಿಡುವುದು ಕಷ್ಟ ಮಾಡುವುದು, ಅದರಲ್ಲಿ ಒಂದು. ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಜೀವನ ನಡೆಸಲು ಮಾತ್ರ ಕೊಂಡವರೂ ಗ್ರಾಹಕರೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕ್ಯಾನ್ಸಲ್ ಪುಟದ ಪ್ರತಿ ಹೆಜ್ಜೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಫೋನ್ ಮಾಡಿ.

ಈ ಎಲ್ಲ ಕೆಲಸಕ್ಕೆ ಆಷಾಢ ಒಳ್ಳೆ ಸಮಯ. ಮದುವೆ ಇಲ್ಲ, ಸ್ಟುಡಿಯೋದಲ್ಲಿ ಬಿಡುವಿರುತ್ತದೆ. ದಿನಕ್ಕೆ ನಾಲ್ಕು ಫೈಲ್‌ನಂತೆ ಪೇಜ್‌ಮೇಕರ್‌ನಿಂದ ಶುರು ಮಾಡಿ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ. ಅಷ್ಟರೊಳಗೆ ಖಾತೆಯಲ್ಲಿ ರಿನ್ಯೂವಲ್ ದಿನಾಂಕ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಿಮ್ಮದು ವರ್ಷದ ಒಪ್ಪಂದವಾಗಿದ್ದರೆ, ಆ ದಿನಾಂಕಕ್ಕೆ ಒಂದು ವಾರ ಮೊದಲೇ ಪ್ಲಾನ್ ಬದಲಿಸಬೇಕು. ದಾಟಿದರೆ ಇನ್ನೊಂದು ವರ್ಷ ಸಿಕ್ಕಿಕೊಳ್ಳುತ್ತೀರಿ. ಪ್ಲಾನ್ ಹೆಸರು ಮತ್ತು ಆ ದಿನಾಂಕ ಬರೆದು ಕಳಿಸಿದರೆ, ಇಳಿಯುವಾಗ ಯಾವುದನ್ನು ಮೊದಲು ಒತ್ತಬೇಕು ಅಂತ ತಿಳಿಸುತ್ತೇನೆ.